ಗುಡಾಕೇಶನು ನೀಡಿದ ನಿದ್ರೆ

ಆಷಾಢ ಶುದ್ಧ ಏಕಾದಶಿಯಂದು ಶ್ರೀಹರಿಯು ಶೇಷಶಯ್ಯೆಯಲ್ಲಿ ಯೋಗನಿದ್ರೆಯ ಲೀಲೆಯನ್ನು ಆರಂಭಿಸುತ್ತಾನೆ. ಕಾರ್ತಿಕ ಶುದ್ಧ ದ್ವಾದಶಿಯಂದು ಉತ್ಥಾನದ ಉತ್ಸವವು ನಡೆಯುತ್ತದೆ. ಸಕಲ ಜೀವರ ಎಚ್ಚರ, ಕನಸು, ನಿದ್ರೆಗಳನ್ನು ನಿಯಮಿಸುವ ಸ್ವಾಮಿಗೆ ನಮ್ಮಂತೆ ಆಯಾಸದಿಂದ ಬರುವ ನಿದ್ರೆಯಿಲ್ಲವೆಂಬುದು ಸ್ಪಷ್ಟ. ಆದರೂ ಆತನು ಮಲಗಿದಂತೆ ತೋರುವ ಆ ದಿನವೇ ಭಕ್ತನು ಉಪವಾಸದೊಡನೆ ಜಾಗರಣೆಯನ್ನೂ ಮಾಡಬೇಕೆಂದು ವಿಧಿಸಿರುವುದರಲ್ಲಿ ಒಂದು ಸ್ವಾರಸ್ಯವಿದೆ. ಯಜಮಾನನು ಮಲಗಿದಾಗ ಸೇವಕನು ಕಾದಿರಬೇಕಷ್ಟೆ!

ಈ ಜಾಗರಣೆಯ ವಿಷಯದಲ್ಲಿ ಇಂದಿನ ವಿದ್ಯಾವಂತ ತರುಣರು ಒಂದು ಶಂಕೆಯನ್ನು ಎತ್ತುವುದುಂಟು. "ನಿದ್ರೆಗೆಟ್ಟರೆ ದೇಹವೂ ಮನಸ್ಸೂ ಕೆಡುತ್ತವೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಶಾಸ್ತ್ರವಾದರೋ ನಿದ್ರೆಯನ್ನು ಬಿಡಲು ಹೇಳುತ್ತದೆ. ಇವೆರಡಕ್ಕೂ ಸಮನ್ವಯವೆಂತು?" ಎಂಬುದೇ ಆ ಶಂಕೆ. ಇದನ್ನು ಉದ್ಧಟತನವೆಂದು ತಳ್ಳಿಹಾಕುವುದು ಸರಿಯಲ್ಲ. ಪ್ರಶ್ನೆಯು ನ್ಯಾಯವಾದುದೇ ಆಗಿದೆ. ಆದರೆ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ. ಅದನ್ನು ತರುಣರೂ ಕೇಳುವುದಿಲ್ಲ, ಹಿರಿಯರೂ ಕೇಳುವುದಿಲ್ಲ. ತನ್ನ ನಿದ್ರೆಯನ್ನು ತಾನು ಬಿಡುವುದು ಒಂದು. ಪರರ ನಿದ್ರೆಯನ್ನು ಕಸಿಯುವುದು ಇನ್ನೊಂದು. ಮೊದಲನೆಯದರ ಗುಣದೋಷಗಳನ್ನು ಚರ್ಚಿಸುವ ನಾವು ಎರಡನೆಯದನ್ನು ದಿನನಿತ್ಯವೂ ಮಾಡುತ್ತಿದ್ದರೂ ಅದು ಧರ್ಮವೋ ಅಧರ್ಮವೋ ಎಂದು ವಿಚಾರಿಸುವುದಿಲ್ಲ. ಪ್ರಕೃತ ಲೇಖನದಲ್ಲಿ ಇವೆರಡನ್ನೂ ಯಥಾಮತಿ ವಿಮರ್ಶಿಸಲಾಗುವುದು.

ನಿದ್ರೆಯು ಶತ್ರುವೆ?

ಆಹಾರ, ನಿದ್ರೆ, ಭಯ ಮೊದಲಾದವು ಮನುಷ್ಯನಿಗೂ ಪಶುವಿಗೂ ಸಮಾನವೆಂಬ ಸುಭಾಷಿತವು ಎಲ್ಲರಿಗೂ ಪರಿಚಿತ. ಇದನ್ನು ಕೇಳಿದ ಕೆಲವರು ನಿದ್ರೆಯು ಕೇವಲ ಪಶುಧರ್ಮ, ಅದನ್ನು ಎಷ್ಟು ಕಡಿಮೆ ಮಾಡಿದರೆ ಮನುಷ್ಯನು ಅಷ್ಟು ಮೇಲೇರುತ್ತಾನೆ ಎಂದು ಭಾವಿಸುತ್ತಾರೆ. ಶಾಸ್ತ್ರದ ಆಶಯವು ಹೀಗಿಲ್ಲ. ಚರಕಸಂಹಿತೆಯು ಶರೀರವೆಂಬ ಮನೆಯನ್ನು ಹೊತ್ತಿರುವ ಮೂರು ಉಪಸ್ತಂಭಗಳನ್ನು ಹೇಳುವಾಗ ಆಹಾರ ಮತ್ತು ಬ್ರಹ್ಮಚರ್ಯಗಳ ನಡುವೆ ನಿದ್ರೆಯನ್ನು ಇರಿಸುತ್ತದೆ. ಸುಖದುಃಖಗಳು, ಪುಷ್ಟಿ ಕೃಶತೆಗಳು, ಬಲಾಬಲಗಳು, ಜ್ಞಾನ ಅಜ್ಞಾನಗಳು, ಕೊನೆಗೆ ಬದುಕು ಸಾವುಗಳೂ ನಿದ್ರೆಯನ್ನು ಅವಲಂಬಿಸಿವೆಯೆಂಬುದು ಆ ಗ್ರಂಥದ ಅಭಿಪ್ರಾಯ. ಜ್ಞಾನವೂ ನಿದ್ರೆಯ ಅಧೀನವೆಂದು ಹೇಳಿರುವುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಈ ಅಂಶಕ್ಕೆ ನಾವು ಮುಂದೆ ಮರಳಿ ಬರುವೆವು.

ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಅತಿಯಾಗಿ ನಿದ್ರಿಸುವವನಿಗೆ ಯೋಗವಿಲ್ಲವೆಂದು ಹೇಳಿದಂತೆಯೇ ಅತಿಯಾಗಿ ಎಚ್ಚರವಿರುವವನಿಗೂ ಇಲ್ಲವೆಂದು ಹೇಳಿದ್ದಾನೆ. ಮೊದಲನೆಯ ನಿಷೇಧವನ್ನು ನಾವು ಮಕ್ಕಳಿಗೆ ಬೆಳಗಾಗುತ್ತಲೇ ಬೋಧಿಸುತ್ತೇವೆ. ಎರಡನೆಯದನ್ನು ರಾತ್ರಿಯಾದರೂ ಬೋಧಿಸುವುದಿಲ್ಲ.

ನಮ್ಮ ಸಿದ್ಧಾಂತದಲ್ಲಂತೂ ನಿದ್ರೆಗೆ ಇನ್ನೂ ಹಿರಿದಾದ ಸ್ಥಾನವಿದೆ. ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಮೂರು ಅವಸ್ಥೆಗಳನ್ನು ವಿಶ್ವ, ತೈಜಸ, ಪ್ರಾಜ್ಞ ಎಂಬ ಭಗವದ್ರೂಪಗಳು ನಡೆಸುತ್ತವೆ. ಗಾಢನಿದ್ರೆಯಲ್ಲಿ ಜೀವನು ಪ್ರಾಜ್ಞನಾಮಕ ಪರಮಾತ್ಮನ ಆಶ್ರಯದಲ್ಲಿ ವಿಶ್ರಮಿಸುತ್ತಾನೆ. ಅರಸನಿಗೂ ಭಿಕ್ಷುಕನಿಗೂ, ಪಂಡಿತನಿಗೂ ಪಾಮರನಿಗೂ ಆ ವಿಶ್ರಾಂತಿಯನ್ನು ಆತನೇ ಪ್ರತಿರಾತ್ರಿ ಕೊಡುತ್ತಾನೆ. ಹೀಗಿರಲಾಗಿ ನಿದ್ರೆಯನ್ನು ಶತ್ರುವೆಂದು ಕರೆಯುವುದು ಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಅದು ದತ್ತವಾದ ವಸ್ತು. ದತ್ತವಾದುದನ್ನು ಹೇಗೆ ಬಳಸಬೇಕೆಂಬುದೇ ವಿಚಾರ.

ದೇಹಕ್ಕಾಗುವ ಹಾನಿ

ರಷ್ಯ ದೇಶದ ವೈದ್ಯೆ ಮರಿಯಾ ಮನಾಸೆಯಿನಾ ಎಂಬವರು 1894ರಲ್ಲಿ ನಾಯಿಮರಿಗಳನ್ನು ನಿದ್ರಿಸಗೊಡದೆ ಇರಿಸಿ ಪರೀಕ್ಷಿಸಿದರು. ಅವು ನಾಲ್ಕೈದು ದಿನಗಳಲ್ಲಿ ಸತ್ತವು. ಆಹಾರವಿಲ್ಲದೆ ಅದಕ್ಕಿಂತ ಎಷ್ಟೋ ಹೆಚ್ಚು ದಿನ ಇದ್ದ ಮರಿಗಳನ್ನು ಉಳಿಸಿಕೊಳ್ಳಬಹುದಾಗಿತ್ತು. ಮುಂದೆ 1980ರ ದಶಕದಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಆಲನ್ ರೆಕ್ಟ್‌ಶಾಫೆನ್ ಎಂಬವರ ಪ್ರಯೋಗಶಾಲೆಯಲ್ಲಿ ನಿದ್ರೆಯಿಲ್ಲದ ಇಲಿಗಳು ಎರಡು ಮೂರು ವಾರಗಳಲ್ಲಿ ಸತ್ತವು. ಯಥೇಷ್ಟವಾಗಿ ತಿಂದರೂ ಅವುಗಳ ಮೈ ಸೊರಗುತ್ತಿತ್ತು. ಇಂತಹ ಪ್ರಯೋಗಗಳಲ್ಲಿರುವ ಕ್ರೌರ್ಯವನ್ನು ಒಪ್ಪದವರೂ ಅವುಗಳಿಂದ ತಿಳಿದ ಸತ್ಯವನ್ನು ಒಪ್ಪಲೇಬೇಕಾಗಿದೆ. ಅನ್ನವಿಲ್ಲದೆ ಬಹುಕಾಲ ಇರಲಾಗದಂತೆಯೇ ಇಂತಹ ಪ್ರಾಣಿಗಳು ನಿದ್ರೆಯಿಲ್ಲದೆಯೂ ಬಹುಕಾಲ ಇರಲಾರವು.

ಮನುಷ್ಯರ ವಿಷಯದಲ್ಲಿ ಇಷ್ಟು ಕಠಿಣವಾದ ಪರೀಕ್ಷೆ ಬೇಕಾಗಿಲ್ಲ. ಅಲ್ಪ ನಿದ್ರಾಭಂಗವೂ ಸಾಕು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ತರುಣರನ್ನು ಆರು ರಾತ್ರಿಗಳ ಕಾಲ ದಿನಕ್ಕೆ ನಾಲ್ಕೇ ಗಂಟೆ ಮಲಗಿಸಿದರು. ಅಷ್ಟರಿಂದಲೇ ಅವರ ದೇಹವು ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿಯು ಕುಂದಿ, ಮಧುಮೇಹದ ಪ್ರಾರಂಭದ ಲಕ್ಷಣಗಳನ್ನು ಹೋಲುವ ಸ್ಥಿತಿ ಕಂಡುಬಂದಿತು. 2009ರ ಇನ್ನೊಂದು ಅಧ್ಯಯನದಲ್ಲಿ ನೆಗಡಿಯ ರೋಗಾಣುವನ್ನು ಮೂಗಿಗೆ ಹಾಕಿಸಿಕೊಂಡ ಸ್ವಯಂಸೇವಕರ ಪೈಕಿ ಏಳು ಗಂಟೆಗಿಂತ ಕಡಿಮೆ ನಿದ್ರಿಸುತ್ತಿದ್ದವರಿಗೆ, ಎಂಟು ಗಂಟೆ ಅಥವಾ ಹೆಚ್ಚು ನಿದ್ರಿಸುವವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ನೆಗಡಿ ತಗುಲಿತು. ರಕ್ತದ ಒತ್ತಡ, ಹೃದ್ರೋಗ, ಸ್ಥೂಲಕಾಯ ಇವುಗಳಿಗೂ ದೀರ್ಘಕಾಲದ ನಿದ್ರಾಹೀನತೆಗೂ ಸಂಬಂಧವಿರುವುದನ್ನು ವೈದ್ಯರು ಗುರುತಿಸಿದ್ದಾರೆ. ಮಕ್ಕಳ ದೇಹವು ಬೆಳೆಯಲು ಬೇಕಾದ ಹಾರ್ಮೋನು ಗಾಢನಿದ್ರೆಯಲ್ಲಿಯೇ ಹೆಚ್ಚಾಗಿ ಸ್ರವಿಸುತ್ತದೆ. ಪ್ರಾಯಸ್ಥರಿಗೆ ದಿನಕ್ಕೆ ಏಳು ಗಂಟೆಗಳಾದರೂ ನಿದ್ರೆ ಬೇಕೆಂಬುದು ನಿದ್ರಾವೈದ್ಯರ ಸಾಮಾನ್ಯ ಸಲಹೆ. ಹಗಲನ್ನು ರಾತ್ರಿಯಾಗಿಯೂ ರಾತ್ರಿಯನ್ನು ಹಗಲಾಗಿಯೂ ಮಾಡಿಕೊಳ್ಳುವ ರಾತ್ರಿಪಾಳಿಯ ದುಡಿಮೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಸಂಭವವುಳ್ಳದ್ದೆಂದು ವರ್ಗೀಕರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿದಾಗಲೂ ಅದೇ ನಿರ್ಣಯವನ್ನು ಉಳಿಸಿಕೊಂಡಿತು.

ಮನಸ್ಸಿಗಾಗುವ ಹಾನಿ

ದೇಹಕ್ಕಾಗುವ ಹಾನಿಯಾದರೂ ನಿಧಾನವಾಗಿ ಬರುವುದು. ಮನಸ್ಸಿಗಾಗುವ ಹಾನಿ ಮರುದಿನವೇ ಬರುತ್ತದೆ. ಅಮೆರಿಕದ ಸ್ಯಾನ್ ಡಿಯೇಗೋ ನಗರದ ರ‍್ಯಾಂಡಿ ಗಾರ್ಡ್ನರ್ ಎಂಬ 17 ವರ್ಷದ ವಿದ್ಯಾರ್ಥಿಯು 1963ರ ಡಿಸೆಂಬರ್ ಕೊನೆಯಿಂದ 1964ರ ಜನವರಿಯವರೆಗೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು 264 ಗಂಟೆಗಳ ಕಾಲ, ಅಂದರೆ ಹನ್ನೊಂದು ದಿನ, ಎಚ್ಚರವಾಗಿದ್ದನು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿದ್ರಾತಜ್ಞ ವಿಲಿಯಂ ಡಿಮೆಂಟ್ ಅವನನ್ನು ಸಮೀಪದಿಂದ ಕಂಡರು. ಹುಡುಗನು ಹತ್ತನೆಯ ದಿನವೂ ಆಟವಾಡಿ ಅವರನ್ನೇ ಸೋಲಿಸಿದನು. ಕೊನೆಯ ದಿನ ಪತ್ರಕರ್ತರೊಡನೆ ತಡವರಿಸದೆ ಮಾತನಾಡಿದನು. ನೋಡಿದವರಿಗೆ ಏನೂ ಆಗಿಲ್ಲವೆಂದೇ ತೋರಬೇಕು. ಆದರೆ ನೂರರಿಂದ ಏಳೇಳನ್ನು ಕಳೆಯುತ್ತ ಹೋಗೆಂದು ವೈದ್ಯರು ಹೇಳಿದಾಗ ಅವನು 65ಕ್ಕೆ ಬಂದು ನಿಂತುಬಿಟ್ಟನು. ಏಕೆ ನಿಲ್ಲಿಸಿದೆಯೆಂದು ಕೇಳಿದರೆ, ತಾನು ಏನು ಮಾಡುತ್ತಿದ್ದೆನೆಂಬುದೇ ಮರೆತುಹೋಯಿತೆಂದು ಉತ್ತರ ಕೊಟ್ಟನು. ನಾಲಗೆಯು ಸರಿಯಾಗಿತ್ತು, ಕೈಕಾಲುಗಳು ಸರಿಯಾಗಿದ್ದವು. ಅವುಗಳನ್ನು ನಡೆಸುವ ಸ್ಮೃತಿಯೇ ಜಾರಿತ್ತು. ಇದಕ್ಕೆ ಮೊದಲು 1959ರಲ್ಲಿ ನ್ಯೂಯಾರ್ಕಿನ ರೇಡಿಯೋ ನಿರೂಪಕ ಪೀಟರ್ ಟ್ರಿಪ್ ಎಂಬವರು ಧರ್ಮಾರ್ಥ ನಿಧಿಗಾಗಿ 201 ಗಂಟೆ ಎಚ್ಚರವಾಗಿದ್ದು, ಇಲ್ಲದ ವಸ್ತುಗಳನ್ನು ಕಂಡು ಹೆದರುವ ಸ್ಥಿತಿಗೆ ಬಂದಿದ್ದರು. ಅಪಾಯಕರವೆಂಬ ಕಾರಣದಿಂದ ಗಿನ್ನೆಸ್ ದಾಖಲೆಯ ಪುಸ್ತಕದವರು ಈ ಬಗೆಯ ಸಾಹಸಗಳನ್ನು ಈಗ ದಾಖಲಿಸುವುದಿಲ್ಲ.

ಇವೆಲ್ಲ ಅಪರೂಪದ ಪ್ರಸಂಗಗಳು. ನಮ್ಮ ನಿಮ್ಮಂತಹವರಿಗೆ ಸಂಬಂಧಿಸಿದ ಪರೀಕ್ಷೆಯು 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಅದರಲ್ಲಿ ಕೆಲವರು ಎರಡು ವಾರ ದಿನಕ್ಕೆ ಎಂಟು ಗಂಟೆ, ಕೆಲವರು ಆರು, ಕೆಲವರು ನಾಲ್ಕು ಗಂಟೆ ಮಲಗಿದರು. ಆರು ಗಂಟೆಯವರ ಗಮನಶಕ್ತಿಯೂ ದಿನದಿಂದ ದಿನಕ್ಕೆ ಇಳಿಯಿತು. ನಾಲ್ಕು ಗಂಟೆಯವರು ಎರಡು ವಾರಗಳ ಕೊನೆಗೆ, ಎರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಬಂದರು. ಆದರೆ ಆಶ್ಚರ್ಯವು ಇಲ್ಲಿಲ್ಲ. ನಿನಗೆ ಎಷ್ಟು ನಿದ್ದೆ ಬರುತ್ತಿದೆಯೆಂದು ಕೇಳಿದಾಗ ಅವರು, ಮೊದಲ ಕೆಲವು ದಿನಗಳ ಅನಂತರ, ಹೆಚ್ಚೇನೂ ಇಲ್ಲವೆಂಬ ರೀತಿಯಲ್ಲಿಯೇ ಉತ್ತರಿಸುತ್ತಿದ್ದರು. ಬುದ್ಧಿಯು ಇಳಿಯುತ್ತಲೇ ಇತ್ತು, ಇಳಿಯುತ್ತಿದೆಯೆಂಬ ಅರಿವು ಮಾತ್ರ ಇಳಿಯುವುದನ್ನು ನಿಲ್ಲಿಸಿತ್ತು!

"ನನಗೆ ಐದು ಗಂಟೆ ಸಾಕು, ಅಭ್ಯಾಸವಾಗಿಬಿಟ್ಟಿದೆ" ಎಂದು ಹೇಳುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರ ಮಾತಿಗೆ ಪ್ರಾಮಾಣ್ಯವೆಷ್ಟು? ನಿರ್ದೋಷವಾದ ಇಂದ್ರಿಯದಿಂದ ಹುಟ್ಟಿದ ಜ್ಞಾನವೇ ಪ್ರತ್ಯಕ್ಷವೆಂದು ನಮ್ಮ ಪ್ರಮಾಣಶಾಸ್ತ್ರವು ಹೇಳುತ್ತದೆ. ಮನಸ್ಸೂ ಒಂದು ಇಂದ್ರಿಯವೇ. ಕಾಮಾಲೆಯ ಕಣ್ಣಿಗೆ ಶಂಖವು ಹಳದಿಯಾಗಿ ಕಂಡಂತೆ, ನಿದ್ರೆಗೆಟ್ಟ ಮನಸ್ಸಿಗೆ ತಾನು ಸ್ವಸ್ಥವೆಂದೇ ಕಾಣುತ್ತದೆ. ದೋಷಯುಕ್ತವಾದ ಕರಣವು ತನ್ನ ವಿಷಯದಲ್ಲಿ ತಾನೇ ಕೊಡುವ ಪ್ರಮಾಣಪತ್ರವನ್ನು ಯಾವ ತಾರ್ಕಿಕನೂ ಒಪ್ಪುವುದಿಲ್ಲ. ಜ್ಞಾನವು ನಿದ್ರೆಯ ಅಧೀನವೆಂದು ಚರಕಸಂಹಿತೆಯಲ್ಲಿ ಹೇಳಿರುವುದರ ಅರ್ಥವು ಇಲ್ಲಿ ಸ್ಪಷ್ಟವಾಗುತ್ತದೆ.

ಮದ್ಯಪಾನವನ್ನು ಮಹಾಪಾತಕವೆಂದು ನಂಬಿದ ನಮಗೆ ಇನ್ನೊಂದು ಸಂಗತಿಯು ಚಿಂತನೀಯ. 17 ಗಂಟೆಗಳ ಕಾಲ ಸತತವಾಗಿ ಎಚ್ಚರವಾಗಿರುವವನ ಚುರುಕುತನವು ರಕ್ತದಲ್ಲಿ 0.05 ಶೇಕಡಾ ಮದ್ಯಾಂಶವಿರುವವನಷ್ಟೇ ಕುಂದಿರುತ್ತದೆಂದು 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. 24 ಗಂಟೆಯಾದರೆ ಅದು ಸುಮಾರು ಇಮ್ಮಡಿಯಾಗುತ್ತದೆ. ನಮ್ಮ ದೇಶದ ಮೋಟಾರು ವಾಹನ ಕಾಯಿದೆಯು ಚಾಲಕನಿಗೆ ಹಾಕಿರುವ ಮಿತಿಯಾದರೋ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಎಂದರೆ 0.03 ಶೇಕಡಾ. ಆದುದರಿಂದ ಒಂದು ತೊಟ್ಟು ಮದ್ಯವನ್ನೂ ಮುಟ್ಟದ ಆಚಾರವಂತನು ರಾತ್ರಿಯೆಲ್ಲ ಎಚ್ಚರವಿದ್ದು ಬೆಳಿಗ್ಗೆ ಕಾರಿನ ಸ್ಟಿಯರಿಂಗ್ ಹಿಡಿದನೆಂದರೆ, ರಸ್ತೆಯಲ್ಲಿರುವವರ ಪಾಲಿಗೆ ಅವನು ಕುಡಿದವನಿಗಿಂತ ಬೇರೆಯಲ್ಲ.

ಭಾರತಯುದ್ಧದ ಎರಡು ರಾತ್ರಿಗಳು

ನಿದ್ರೆ ಮತ್ತು ವಿವೇಕಗಳ ಸಂಬಂಧವನ್ನು ಭಗವಾನ್ ವೇದವ್ಯಾಸದೇವರು ಮಹಾಭಾರತದಲ್ಲಿ ಪ್ರಯೋಗಶಾಲೆಗಳು ಹುಟ್ಟುವುದಕ್ಕೆ ಬಹಳ ಮೊದಲೇ ತೋರಿಸಿದ್ದಾರೆ. ಉದ್ಯೋಗಪರ್ವದ ಒಂದು ಭಾಗಕ್ಕೆ ಪ್ರಜಾಗರಪರ್ವವೆಂದೇ ಹೆಸರು. ಧೃತರಾಷ್ಟ್ರನು ನಿದ್ರೆ ಬಾರದೆ ವಿದುರನನ್ನು ಕರೆಸುತ್ತಾನೆ. ಬಲಿಷ್ಠನಿಂದ ಆಕ್ರಮಿಸಲ್ಪಟ್ಟ ದುರ್ಬಲನಿಗೆ, ಸರ್ವಸ್ವವನ್ನೂ ಕಳೆದುಕೊಂಡವನಿಗೆ, ಕಾಮುಕನಿಗೆ, ಕಳ್ಳನಿಗೆ ನಿದ್ರೆ ಬಾರದು. ಇವುಗಳಲ್ಲಿ ನಿನ್ನದು ಯಾವುದು ಎಂಬ ಅರ್ಥದಲ್ಲಿ ವಿದುರನು ಅರಸನನ್ನು ಕೇಳುತ್ತಾನೆ. ಮೊದಲಿನ ಇಬ್ಬರ ನಿದ್ರೆಯನ್ನು ಅನ್ಯರು ಕಸಿದಿದ್ದಾರೆ. ಕೊನೆಯ ಇಬ್ಬರು ತಮ್ಮ ನಿದ್ರೆಯನ್ನು ತಾವೇ ಕೆಡಿಸಿಕೊಂಡಿದ್ದಾರೆ. ಪಾಂಡವರ ಸ್ವತ್ತನ್ನು ಇಟ್ಟುಕೊಂಡ ಅರಸನು ಯಾವ ಗುಂಪಿನವನೆಂಬುದನ್ನು ಹೇಳಬೇಕಾಗಿಲ್ಲ.

ಯುದ್ಧದ ಹದಿನೆಂಟನೆಯ ದಿನದ ರಾತ್ರಿಯನ್ನು ನೋಡೋಣ. ಸೋತುಹೋದ ಕೌರವಪಕ್ಷದ ಮೂವರು ಒಂದು ಆಲದ ಮರದ ಕೆಳಗೆ ಸೇರಿದ್ದಾರೆ. ಕೃಪಾಚಾರ್ಯನಿಗೂ ಕೃತವರ್ಮನಿಗೂ ನಿದ್ರೆ ಹತ್ತಿದೆ. ಅಶ್ವತ್ಥಾಮನಿಗೆ ಮಾತ್ರ ಕ್ರೋಧದಿಂದ ಕಣ್ಣು ಮುಚ್ಚಲಾಗುತ್ತಿಲ್ಲ. ಮರದ ಮೇಲೆ ಮಲಗಿರುವ ಕಾಗೆಗಳನ್ನು ಗೂಬೆಯೊಂದು ಬಂದು ಕೊಲ್ಲುವುದನ್ನು ಅವನು ಕಾಣುತ್ತಾನೆ. ಆ ದೃಶ್ಯವೇ ಅವನಿಗೆ ಉಪದೇಶವಾಯಿತು. ಮಲಗಿರುವವರನ್ನು ಕೊಲ್ಲುವ ಸಂಕಲ್ಪವನ್ನು ಕೃಪಾಚಾರ್ಯನಿಗೆ ತಿಳಿಸಿದಾಗ ಆ ವೃದ್ಧನು ಕೊಟ್ಟ ಸಲಹೆಯು ಮನನೀಯವಾಗಿದೆ. ಈ ರಾತ್ರಿ ಮಲಗಿ ವಿಶ್ರಮಿಸು, ಬೆಳಗಾದ ಮೇಲೆ ಯುದ್ಧಕ್ಕೆ ಹೋಗೋಣ ಎಂದು ಅವನು ಹೇಳಿದನು. ದುಃಖಿತನಿಗೆ, ಕ್ರುದ್ಧನಿಗೆ ನಿದ್ರೆಯೆಲ್ಲಿಯದು ಎಂದು ಅಶ್ವತ್ಥಾಮನು ಉತ್ತರಿಸಿದನು. ಆಚಾರ್ಯಪುತ್ರನಾಗಿ, ಶಾಸ್ತ್ರಜ್ಞನಾಗಿ ಇದ್ದವನು ಆ ರಾತ್ರಿ ಮಾಡಿದ ಕೃತ್ಯವು ಸೌಪ್ತಿಕಪರ್ವವೆಂಬ ಹೆಸರಿನಲ್ಲಿ ಶಾಶ್ವತವಾಗಿ ನಿಂತಿದೆ. ಅವನ ಪಾಪಕ್ಕೆ ನಿದ್ರಾಹೀನತೆಯೇ ಕಾರಣವೆಂದು ಹೇಳುವುದು ತಪ್ಪಾದೀತು, ಕಾರಣವು ಕ್ರೋಧ. ಆದರೆ ಕ್ರೋಧವನ್ನು ತಣಿಸಬಹುದಾಗಿದ್ದ ಒಂದು ರಾತ್ರಿಯ ನಿದ್ರೆಯನ್ನು ಅವನು ನಿರಾಕರಿಸಿದನೆಂಬುದನ್ನು ವ್ಯಾಸರು ವೃಥಾ ಹೇಳಿಲ್ಲ.

ಇದಕ್ಕೆ ನಾಲ್ಕು ದಿನಗಳ ಮೊದಲು, ಹದಿನಾಲ್ಕನೆಯ ದಿನದ ರಾತ್ರಿ, ಬೇರೊಂದು ಘಟನೆ ನಡೆಯಿತು. ಜಯದ್ರಥನ ವಧೆಯ ಅನಂತರವೂ ಯುದ್ಧವು ನಿಲ್ಲಲಿಲ್ಲ. ದೀವಟಿಗೆಗಳ ಬೆಳಕಿನಲ್ಲಿ ಮುಂದುವರಿಯಿತು. ಘಟೋತ್ಕಚನು ಬಿದ್ದನು. ಸೈನಿಕರು ನಿದ್ರೆಯಿಂದ ಕುರುಡಾಗಿದ್ದರು. ಆನೆ, ಕುದುರೆ, ರಥಗಳ ಮೇಲೆಯೇ ತೂಕಡಿಸಿ ಕೆಲವರು ಸತ್ತರು. ನಿದ್ರೆಯ ಮಂಪರಿನಲ್ಲಿ ಕೆಲವರು ತಮ್ಮವರನ್ನೇ ಕೊಂದರು. ಆಗ ಅರ್ಜುನನು ಎಲ್ಲರಿಗೂ ಕೇಳುವಂತೆ, ಇಲ್ಲಿಯೇ ರಣಭೂಮಿಯಲ್ಲಿ ಸ್ವಲ್ಪ ಹೊತ್ತು ಮಲಗಿ, ಚಂದ್ರೋದಯವಾದ ಮೇಲೆ ಮತ್ತೆ ಯುದ್ಧವನ್ನು ಮಾಡೋಣವೆಂದು ಘೋಷಿಸಿದನು. ಪಾಂಡವಸೇನೆಯೂ ಕೌರವಸೇನೆಯೂ ಒಪ್ಪಿದವು. ಶತ್ರುಸೈನಿಕರು ಅರ್ಜುನನನ್ನು ಹರಸಿ ಮಲಗಿದರು. ಆನೆಗಳೂ ಕುದುರೆಗಳೂ ಮನುಷ್ಯರೂ ನಿಶ್ಶಬ್ದವಾಗಿ ಮಲಗಿದ ಆ ಸೇನೆಯು ಕುಶಲನಾದ ಚಿತ್ರಕಾರನು ಬರೆದ ಪಟದಂತೆ ಇತ್ತೆಂದು ವ್ಯಾಸರ ವರ್ಣನೆ.

ಅರ್ಜುನನಿಗೆ ಗುಡಾಕೇಶನೆಂಬ ಹೆಸರಿದೆ. ಗುಡಾಕಾ ಎಂದರೆ ನಿದ್ರೆ. ಅದನ್ನು ಗೆದ್ದವನು ಗುಡಾಕೇಶ. ನಿದ್ರೆಯನ್ನು ಗೆದ್ದ ಆ ವೀರನಿಗೆ ಆ ರಾತ್ರಿ ವಿಶ್ರಾಂತಿಯು ಅಷ್ಟಾಗಿ ಬೇಕಾಗಿರಲಿಲ್ಲ. ನಾನು ಎಚ್ಚರವಾಗಿದ್ದೇನೆ, ನೀವೂ ಇರಿ ಎಂದು ಅವನು ಹೇಳಬಹುದಾಗಿತ್ತು. ಶತ್ರುಗಳು ತೂಕಡಿಸುವುದೇ ಜಯಕ್ಕೆ ಸುಸಮಯವೆಂದು ಬಗೆಯಬಹುದಾಗಿತ್ತು. ಹಾಗೆ ಮಾಡದೆ, ತನಗೆ ಬೇಡವಾದ ನಿದ್ರೆಯು ಪರರಿಗೆ ಬೇಕೆಂಬುದನ್ನು ಅರಿತನು. ಒಂದೇ ಯುದ್ಧದಲ್ಲಿ ಇಬ್ಬರು ಎಚ್ಚರವಾಗಿದ್ದರು. ಒಬ್ಬನು ಶತ್ರುಗಳಿಗೂ ನಿದ್ರೆಯನ್ನು ದಾನ ಮಾಡಿದನು. ಇನ್ನೊಬ್ಬನು ನಿದ್ರಿಸುವವರ ಪ್ರಾಣವನ್ನೇ ತೆಗೆದನು. ನಿದ್ರೆಯನ್ನು ಗೆದ್ದವನೆಂಬ ಬಿರುದು ಇವರಲ್ಲಿ ಯಾರಿಗೆ ಸಂದಿತೆಂಬುದನ್ನು ನೋಡಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರವು ದೊರೆತಂತೆಯೇ.

ಜಾಗರಣೆಯ ವಿಚಾರ

ಇನ್ನು ಮೊದಲಿನ ಶಂಕೆಗೆ ಬರೋಣ. ನಿದ್ರಾಭಂಗವು ಇಷ್ಟು ಹಾನಿಕರವಾದರೆ ಹರಿದಿನದ ಜಾಗರಣೆಯು ದೋಷವಾಗಲಿಲ್ಲವೆ? ಆಗಲಿಲ್ಲ, ಏಕೆಂದರೆ ವ್ರತಕ್ಕೂ ದುರಭ್ಯಾಸಕ್ಕೂ ಅಂತರವಿದೆ. ವ್ರತಕ್ಕೆ ದಿನದ ಮಿತಿಯಿದೆ, ಅಧಿಕಾರಿಯ ವಿವೇಚನೆಯಿದೆ, ಉದ್ದೇಶವಿದೆ. ಏಕಾದಶಿಯು ಪಕ್ಷಕ್ಕೊಮ್ಮೆ ಬರುತ್ತದೆ. ಉಪವಾಸದ ವಿಧಿಯು ಎಂಟು ವರ್ಷದಿಂದ ಎಂಬತ್ತು ವರ್ಷದವರೆಗಿನವರಿಗೆ ಎಂದು ಹೇಳಿ, ಬಾಲರು, ವೃದ್ಧರು, ರೋಗಿಗಳು ಇವರ ಬಗೆಗೆ ಧರ್ಮಶಾಸ್ತ್ರವೇ ಸಡಿಲಿಕೆಯನ್ನು ತೋರಿದೆ. ಅಂದಿನ ಎಚ್ಚರವು ಭಜನೆ, ಪಾರಾಯಣ, ಶ್ರವಣಗಳಲ್ಲಿ ಕಳೆಯತಕ್ಕದ್ದು. ಹದಿನೈದು ದಿನಗಳಲ್ಲಿ ಒಂದು ರಾತ್ರಿ ಸಂಕಲ್ಪಪೂರ್ವಕವಾಗಿ ಬಿಟ್ಟ ನಿದ್ರೆಯನ್ನು ಆರೋಗ್ಯವಂತನ ದೇಹವು ಮುಂದಿನ ರಾತ್ರಿಗಳಲ್ಲಿ ಸರಿಪಡಿಸಿಕೊಳ್ಳುತ್ತದೆ. ಹನ್ನೊಂದು ದಿನ ಎಚ್ಚರವಿದ್ದ ಗಾರ್ಡ್ನರ್ ಕೂಡ ಮೊದಲ ಸಲ ಮಲಗಿದಾಗ ಸುಮಾರು 14 ಗಂಟೆಗಳಲ್ಲಿ ಎದ್ದನು. ಆದರೆ ನಿತ್ಯವೂ ಎರಡು ಗಂಟೆಯಷ್ಟು ನಿದ್ರೆಯನ್ನು ಕದಿಯುತ್ತ ಹೋಗುವ ನಮ್ಮ ಇಂದಿನ ಜೀವನಕ್ರಮಕ್ಕೆ ಇಂತಹ ಪರಿಹಾರವಿಲ್ಲ. ಕೈಯಲ್ಲಿ ಮೊಬೈಲು ಹಿಡಿದು ನಡುರಾತ್ರಿಯವರೆಗೆ ಕುಳಿತಿರುವುದು ಜಾಗರಣೆಯಲ್ಲ. ಅದಕ್ಕೆ ದೇವತೆಯೂ ಇಲ್ಲ, ಪಾರಣೆಯೂ ಇಲ್ಲ.

ಆದರೂ ವ್ರತಸ್ಥನು ಒಂದು ಕಟ್ಟುಪಾಡನ್ನು ತಾನೇ ಹಾಕಿಕೊಳ್ಳಬೇಕು. ದ್ವಾದಶಿಯ ಹಗಲುನಿದ್ರೆಯನ್ನು ಶಾಸ್ತ್ರವು ನಿಷೇಧಿಸಿರುವುದರಿಂದ, ಜಾಗರಣೆ ಮಾಡಿದವನು ಆ ದಿನ ವಾಹನವನ್ನು ನಡೆಸುವುದು, ಯಂತ್ರದ ಕೆಲಸ, ದೊಡ್ಡ ವ್ಯವಹಾರದ ನಿರ್ಣಯ ಇವುಗಳನ್ನು ಬಿಟ್ಟು, ರಾತ್ರಿ ಬೇಗನೆ ಮಲಗುವುದು ಯುಕ್ತ. ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ಉಡುಪಿಯ ಪರ್ಯಾಯೋತ್ಸವಕ್ಕೆ ದೂರದ ಊರುಗಳಿಂದ ಬಂದು, ಇಡೀ ರಾತ್ರಿ ಎಚ್ಚರವಿದ್ದು, ದರ್ಬಾರು ಮುಗಿಯುತ್ತಲೇ ಘಟ್ಟ ಹತ್ತಲು ಹೊರಡುವವರು ಈ ಮಾತನ್ನು ಮರೆಯಬಾರದು. ನಿದ್ರೆಗೆಟ್ಟವನ ಕಣ್ಣು ತೆರೆದಿರುವಾಗಲೇ ಬುದ್ಧಿಯು ಕೆಲವು ಕ್ಷಣಗಳ ಕಾಲ ಮಲಗಿಬಿಡುವುದುಂಟು. ಘಟ್ಟದ ತಿರುವಿಗೆ ಅಷ್ಟು ಕ್ಷಣಗಳೇ ಸಾಕು.

ಪರರ ನಿದ್ರೆ

ತನ್ನ ನಿದ್ರೆಯ ವಿಷಯ ಇಷ್ಟಾಯಿತು. ಪರರ ನಿದ್ರೆಯ ವಿಷಯವು ಇದಕ್ಕಿಂತ ಗುರುತರ. ಕೈದಿಗಳನ್ನು ನಿದ್ರಿಸಗೊಡದೆ ಹಿಂಸಿಸಿ ಬಾಯಿಬಿಡಿಸುವ ಪದ್ಧತಿಯು ಯುರೋಪಿನಲ್ಲಿ ಹಳೆಯದು. 1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಬಂಧಿತರ ಮೇಲೆ ಬಳಸಿದ ಐದು ಕ್ರಮಗಳಲ್ಲಿ ನಿದ್ರಾಭಂಗವೂ ಒಂದು. ಅವು ಅಮಾನುಷವೆಂದು ಯುರೋಪಿನ ಮಾನವಹಕ್ಕು ನ್ಯಾಯಾಲಯವು 1978ರಲ್ಲಿ ತೀರ್ಪಿತ್ತಿತು. ಹೊಡೆಯದೆ, ಬಡಿಯದೆ, ಗಾಯದ ಗುರುತಿಲ್ಲದೆ ಮಾಡಬಹುದಾದ ಹಿಂಸೆಯೆಂದರೆ ಇದೇ. ನಮ್ಮ ದೇಶದಲ್ಲಿಯೂ, 2011ರ ಜೂನ್ ತಿಂಗಳಿನಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರನ್ನು ಮಧ್ಯರಾತ್ರಿಯಲ್ಲಿ ಪೊಲೀಸರು ಎಬ್ಬಿಸಿ ಓಡಿಸಿದ ಪ್ರಕರಣದಲ್ಲಿ, ನಿದ್ರೆಯು ಸಂವಿಧಾನದ 21ನೆಯ ವಿಧಿಯು ಕೊಡುವ ಜೀವಿಸುವ ಹಕ್ಕಿನಲ್ಲಿ ಅಂತರ್ಗತವೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಹೇಳಿತು.

ನಾವು ಯಾರನ್ನೂ ಹಾಗೆ ಹಿಂಸಿಸುವುದಿಲ್ಲವೆಂದು ಸಮಾಧಾನಪಡಬೇಕಾಗಿಲ್ಲ. ಧ್ವನಿವರ್ಧಕದ ವಿಷಯವನ್ನೇ ತೆಗೆದುಕೊಳ್ಳೋಣ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸುವಂತಿಲ್ಲ. ಉತ್ಸವಗಳಿಗಾಗಿ ವರ್ಷದಲ್ಲಿ 15 ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ಸರ್ಕಾರವು ಅನುಮತಿ ನೀಡಬಹುದು. ಯಾವ ಮತದವರೂ ಇದಕ್ಕೆ ಹೊರತಲ್ಲ, ನಮ್ಮ ದೇವಾಲಯಗಳೂ ಹೊರತಲ್ಲ. ರಾತ್ರಿಯ ಶಯನೋತ್ಸವದಲ್ಲಿ ದೇವರನ್ನು ತೊಟ್ಟಿಲಲ್ಲಿರಿಸಿ ಲಾಲಿ ಹಾಡುತ್ತೇವೆ. ಬೆಳಿಗ್ಗೆ ಸುಪ್ರಭಾತವನ್ನು ಎಷ್ಟು ಮೃದುವಾಗಿ ಹೇಳಿ ಆತನನ್ನು ಎಬ್ಬಿಸುತ್ತೇವೆ! ಅದೇ ಲಾಲಿಯು ಕಂಬದ ಮೇಲಿನ ಯಂತ್ರದಿಂದ ಹೊರಬಿದ್ದು ಎದುರು ಮನೆಯ ತೊಟ್ಟಿಲಿನ ಶಿಶುವನ್ನು ಬೆಚ್ಚಿಬೀಳಿಸಿದರೆ, ಆ ಶಿಶುವಿನೊಳಗಿನ ಪ್ರಾಜ್ಞನಿಗೆ ನಾವು ಯಾವ ಸೇವೆಯನ್ನು ಸಲ್ಲಿಸಿದಂತಾಯಿತು?

ಇನ್ನು ಮನೆಯೊಳಗಿನ ಮಾತು. ದ್ವಾದಶಿಯು ಬೇಗನೆ ಮುಗಿಯುವ ದಿನಗಳಲ್ಲಿ ಪಾರಣೆಯ ಅಡುಗೆಗೆ ಹೆಂಗಸರು ಇನ್ನೂ ಕತ್ತಲಿರುವಾಗಲೇ ತಲೆಗೆ ಎರೆದುಕೊಂಡು ಮಡಿಯುಟ್ಟು ಒಲೆ ಹೊತ್ತಿಸುತ್ತಾರೆ. ಹಿಂದಿನ ದಿನ ಅವರಿಗೂ ಉಪವಾಸವೇ. ನಮ್ಮದು ಅರ್ಚಕರ ಮನೆ. ತಂದೆಯವರು ನಿರ್ಮಾಲ್ಯವಿಸರ್ಜನೆಗೆಂದು ಹೊರಡುವ ಮೊದಲೇ ತಾಯಿಯವರು ಎದ್ದಿರುತ್ತಿದ್ದರು. ರಾತ್ರಿ ಎಲ್ಲರ ಹಾಸಿಗೆಗಳಾದ ಮೇಲೆ ಮಲಗುತ್ತಿದ್ದರು. ತಂದೆಯವರ ಜಾಗರಣೆಯನ್ನು ಊರಿನವರು ಬಲ್ಲರು. ತಾಯಿಯವರ ಜಾಗರಣೆಗೆ ಹೆಸರೂ ಇರಲಿಲ್ಲ, ತಿಥಿಯೂ ಇರಲಿಲ್ಲ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದಿಗೂ ಹೀಗೆಯೇ ಇದೆ. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಸೊಸೆಯು ಎಷ್ಟು ರಾತ್ರಿಗಳಲ್ಲಿ ಪೂರ್ತಿ ನಿದ್ರಿಸಿದಳೆಂದು ಅದೇ ಮನೆಯ ಗಂಡಸರಿಗೆ ತಿಳಿದಿರುವುದಿಲ್ಲ. ವಾರಕ್ಕೆ ಎರಡು ರಾತ್ರಿಯಾದರೂ ಮಗನು ಆ ಕೋಣೆಯಲ್ಲಿ ಮಲಗಿ ಅವಳಿಗೆ ನಿದ್ರೆಯನ್ನು ಬಿಟ್ಟುಕೊಟ್ಟರೆ, ಅದೂ ಪಿತೃಸೇವೆಯೇ ಆಗುತ್ತದೆ.

"ಮದುವೆಯ ಅಡುಗೆಯವರಿಗೆ, ಬಸ್ಸಿನ ಚಾಲಕನಿಗೆ, ರಾತ್ರಿಪಾಳಿಯವನಿಗೆ ಸಂಬಳವನ್ನು ಕೊಡುತ್ತೇವಲ್ಲ, ಅವರು ಒಪ್ಪಿಯೇ ಬಂದಿದ್ದಾರೆ, ಇದರಲ್ಲಿ ಅಧರ್ಮವೇನು?" ಎಂದು ಕೇಳಬಹುದು. ದುಡಿಮೆಗೆ ಸಂಬಳವು ಬೆಲೆಯಾಗಬಲ್ಲದು. ಆದರೆ ನಿದ್ರೆಗೆಟ್ಟವನ ಕುಂದಿದ ವಿವೇಕಕ್ಕೆ ಅವನೊಬ್ಬನೇ ಬೆಲೆ ತೆರುವುದಿಲ್ಲ. ಅವನ ಹಿಂದೆ ಕುಳಿತ ಐವತ್ತು ಮಂದಿಯೂ ತೆರಬೇಕಾಗುತ್ತದೆ. ಇದನ್ನರಿತೇ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಗಳೆಂಬ ಮಿತಿಯನ್ನು ಹಾಕಿತು. ನ್ಯೂಯಾರ್ಕಿನಲ್ಲಿ 1984ರಲ್ಲಿ ಲಿಬಿ ಜಿಯಾನ್ ಎಂಬ 18 ವರ್ಷದ ತರುಣಿಯು ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಸಾವಿನ ಕಾರಣದ ಬಗೆಗೆ ವಿವಾದವಿದ್ದರೂ, ತರುಣ ವೈದ್ಯರನ್ನು ಎಡೆಬಿಡದೆ ದುಡಿಸುವ ಪದ್ಧತಿಯು ಆಗ ಬಯಲಿಗೆ ಬಂದಿತು. 1989ರಲ್ಲಿ ಆ ರಾಜ್ಯವು ವಾರಕ್ಕೆ 80 ಗಂಟೆ, ಒಮ್ಮೆಗೆ 24 ಗಂಟೆ ಎಂಬ ಮಿತಿಯನ್ನು ವಿಧಿಸಿತು. 24 ಗಂಟೆಗೂ ಮೀರಿದ ಪಾಳಿಗಳಲ್ಲಿ ದುಡಿಯುವ ವೈದ್ಯರು, ಪಾಳಿಯನ್ನು ಮೊಟಕುಗೊಳಿಸಿದಾಗಿಗಿಂತ 36 ಶೇಕಡಾ ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದರೆಂದು 2004ರ ಒಂದು ಅಧ್ಯಯನವು ತೋರಿಸಿತು. ಆ ವೈದ್ಯರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಅವರ ವಿವೇಕವನ್ನು ಅನ್ಯರು ಬಳಸಿ ಖಾಲಿ ಮಾಡಿದ್ದರು. ಇನ್ನು ಒಪ್ಪಿಗೆಯ ಮಾತು. ಬಡತನದಿಂದ ಒಪ್ಪುವವನು ವಿದುರನು ಹೇಳಿದ ಮೊದಲನೆಯ ಗುಂಪಿಗೆ ಸೇರಿದವನು: ಬಲಿಷ್ಠನೆದುರಿಗೆ ನಿಂತ ದುರ್ಬಲ.

ಹಾಗಾದರೆ ರಾತ್ರಿ ಯಾರೂ ಎಚ್ಚರವಿರಬಾರದೆ? ಇರಲೇಬೇಕು. ದಾದಿ, ಕಾವಲುಗಾರ, ರೈಲು ನಡೆಸುವವನು, ಗಡಿ ಕಾಯುವವನು, ಹಸುಗೂಸಿನ ತಾಯಿ ಇವರೆಲ್ಲರೂ ಎಚ್ಚರವಿರುವುದರಿಂದಲೇ ಉಳಿದವರು ನಿಶ್ಚಿಂತೆಯಿಂದ ಮಲಗುವುದು. ಲಕ್ಷ್ಮಣನು ವನವಾಸದಲ್ಲಿ ಹದಿನಾಲ್ಕು ವರ್ಷ ನಿದ್ರಿಸದೆ ಇರಲು, ಅವನ ಪಾಲಿನ ನಿದ್ರೆಯನ್ನು ಊರ್ಮಿಳೆಯು ಅಯೋಧ್ಯೆಯಲ್ಲಿ ತಾನು ವಹಿಸಿಕೊಂಡಳೆಂಬ ಜನಪದ ಕಥೆಯೊಂದಿದೆ. ಅದು ವಾಲ್ಮೀಕಿರಾಮಾಯಣದಲ್ಲಿಲ್ಲವಾದರೂ ಅದರ ತಾತ್ಪರ್ಯವು ಸೊಗಸಾಗಿದೆ. ಒಬ್ಬನು ಬಿಟ್ಟ ನಿದ್ರೆಯು ಎಲ್ಲಿಯೂ ಮಾಯವಾಗುವುದಿಲ್ಲ. ಅದು ಋಣವಾಗಿ ನಿಲ್ಲುತ್ತದೆ, ಯಾರಾದರೂ ತೀರಿಸಲೇಬೇಕು. ನಮಗಾಗಿ ಎಚ್ಚರವಿದ್ದವರ ಋಣವನ್ನು ನಾವು ತೀರಿಸುವ ಬಗೆ ಸರಳವಾದುದು. ರಾತ್ರಿಪಾಳಿ ಮುಗಿಸಿ ಬಂದ ಪಕ್ಕದ ಮನೆಯ ಹುಡುಗನು ಹಗಲಿನಲ್ಲಿ ಮಲಗಿದ್ದರೆ ಅವನನ್ನು ಸೋಮಾರಿಯೆಂದು ಜರೆಯದೆ ಬಾಗಿಲ ಬಳಿ ದನಿ ತಗ್ಗಿಸುವುದು. ಸಮಾರಾಧನೆಯ ಅಡುಗೆಯವರನ್ನು ಎರಡು ತಂಡಗಳಾಗಿ ಮಾಡಿ ಸರದಿಯಲ್ಲಿ ಮಲಗಿಸುವುದು. ಯಾತ್ರೆಯ ಬಸ್ಸಿಗೆ ಇಬ್ಬರು ಚಾಲಕರನ್ನು ಕೇಳಿ, ಅದಕ್ಕೆ ತಗಲುವ ಹಣವನ್ನು ಗೊಣಗದೆ ಕೊಡುವುದು. ಇವೆಲ್ಲ ಸಣ್ಣ ಕೆಲಸಗಳೇ. ಆದರೆ ಅರ್ಜುನನು ಆ ರಾತ್ರಿ ಮಾಡಿದ್ದೂ ಒಂದು ಘೋಷಣೆಯನ್ನಷ್ಟೆ.

ಕೊನೆಯದಾಗಿ ಒಂದು ಮಾತು. ದೇವರಿಗೆ ಅರ್ಪಿಸತಕ್ಕ ವಸ್ತುವು ನ್ಯಾಯವಾಗಿ ತನ್ನದಾಗಿರಬೇಕೆಂಬುದನ್ನು ನಾವೆಲ್ಲರೂ ಬಲ್ಲೆವು. ನೆರೆಯವನ ತೋಟದಿಂದ ಕದ್ದ ಹೂವು ಎಷ್ಟೇ ಸುಗಂಧವುಳ್ಳದ್ದಾದರೂ ಪೂಜೆಗೆ ಸಲ್ಲದು. ನಿದ್ರೆಗೂ ಇದೇ ನ್ಯಾಯ. ತನ್ನ ನಿದ್ರೆಯನ್ನು ಮಿತಿಯಲ್ಲಿ, ಸಂಕಲ್ಪದಿಂದ ಹರಿಗೆ ಅರ್ಪಿಸಿದರೆ ಅದು ಜಾಗರಣೆಯಾಗುತ್ತದೆ. ಪರರ ನಿದ್ರೆಯನ್ನು ಕೇಳದೆ ತೆಗೆದುಕೊಂಡು ತನ್ನ ವ್ರತಕ್ಕೋ ಉತ್ಸವಕ್ಕೋ ವ್ಯಾಪಾರಕ್ಕೋ ಬಳಸಿದರೆ ಅದು ಕದ್ದ ಹೂವು. ಮುಂದಿನ ಹರಿದಿನದಂದು ಜಾಗರಣೆಯ ಸಂಕಲ್ಪವನ್ನು ಮಾಡುವವರು, ಈ ನನ್ನ ವ್ರತಕ್ಕಾಗಿ ಮನೆಯಲ್ಲಿ, ಬೀದಿಯಲ್ಲಿ ಬೇರೆ ಯಾರಾದರೂ ನಿದ್ರೆಗೆಡಬೇಕಾಗುವುದೇ ಎಂದು ಒಮ್ಮೆ ಯೋಚಿಸಿ, ಹಾಗಾಗದಂತೆ ಏರ್ಪಾಡು ಮಾಡಿ ಅನಂತರ ತಾಳವನ್ನು ಕೈಗೆತ್ತಿಕೊಳ್ಳಲಿ. ಎಚ್ಚರದಲ್ಲಿ ವಿಶ್ವನಾಗಿ, ನಿದ್ರೆಯಲ್ಲಿ ಪ್ರಾಜ್ಞನಾಗಿ ಸರ್ವಜೀವರಲ್ಲಿ ನೆಲೆಸಿರುವ ಶ್ರೀಹರಿಯು, ಎಚ್ಚರವಿರುವವರ ಸೇವೆಯನ್ನೂ ಮಲಗಿರುವವರ ವಿಶ್ರಾಂತಿಯನ್ನೂ ಸಮನಾಗಿ ಕಾಪಾಡಲಿ.

ಶ್ರೀಕೃಷ್ಣಾರ್ಪಣಮಸ್ತು.